ನೋಡೋಕೆ ಸೊಟ್ಟ, ಒಳಗೆ ಮಟ್ಟ

ಈ ಸಲ ಬಂದ ಕೇಕ್ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು: ವಾಲಿದ ಹಾಗೆ ಕಾಣುವ ಸೊಟ್ಟ ಕೇಕ್. ಹಾಗಾಗಿ ಬೇರೆ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಅಕ್ಕಾ, ನಾನು ಮನೆಯಲ್ಲೇ ಕೇಕ್ ಮಾಡಿ ಗೊತ್ತಿರುವವರಿಗೆ ಕೊಡುತ್ತೇನೆ. ಒಂದರ ಮೇಲೊಂದು ನೇರವಾಗಿ ಇಡುವ ಎರಡಂತಸ್ತಿನ ಕೇಕ್ ಮಾಡಿ ರೂಢಿ ಇದೆ. ಈಗ ನಮ್ಮ ಅಕ್ಕನ ಮಗಳ ಐದನೇ ಹುಟ್ಟುಹಬ್ಬಕ್ಕೆ ಟಾಪ್ಸಿ ಟರ್ವಿ ಕೇಕೇ ಬೇಕಂತೆ. ಒಂದು ಅಂತಸ್ತು ಈ ಕಡೆ ವಾಲಿ, ಇನ್ನೊಂದು ಆ ಕಡೆ ವಾಲಿ, ಈಗ ಬಿತ್ತು ಆಗ ಬಿತ್ತು ಅನ್ನೋ ಹಾಗೆ ನಿಂತಿರುತ್ತದಲ್ಲ, ಅದು. ಕೇಕನ್ನು ಓರೆಯಾಗಿ ಕತ್ತರಿಸಿ ಅದರ ಮೇಲೆ ಇನ್ನೊಂದನ್ನು ಇಟ್ಟರೆ ಜಾರುವುದಿಲ್ಲವೇ? ಎಷ್ಟು ಕಡ್ಡಿ ಚುಚ್ಚಬೇಕು?
— ಓದುಗಿ, ಬಳ್ಳಾರಿ

ಉತ್ತರ: ಜಾರುತ್ತದೆ. ಎಷ್ಟು ಕಡ್ಡಿ ಚುಚ್ಚಿದರೂ ಜಾರುತ್ತದೆ. ಅದಕ್ಕೇ ಓರೆಯ ಮೇಲೆ ಯಾರೂ ಇಡುವುದಿಲ್ಲ ತಂಗಿ. ಈ ಕೇಕಿನ ಗುಟ್ಟೇ ಇದು: ಹೊರಗಡೆ ಎಲ್ಲವೂ ವಾಲಿದ ಹಾಗೆ ಕಾಣುತ್ತದೆ, ಆದರೆ ಮೇಲಿನ ಕೇಕ್ ಕೂತಿರುವುದು ಸಪಾಟಾದ ನೆಲದ ಮೇಲೆ. ಕೆಳಗಿನ ಕೇಕಿನ ಓರೆಯಾದ ತಲೆಯಲ್ಲಿ ಒಂದು ದುಂಡನೆಯ ಗುಂಡಿ ತೆಗೆಯುತ್ತಾರೆ. ಆ ಗುಂಡಿಯ ತಳ ಮಾತ್ರ ಪೂರ್ತಿ ಮಟ್ಟ. ಮೇಲಿನದನ್ನು ಅದರೊಳಗೆ ಇಳಿಸುತ್ತಾರೆ. ಭಾರ ನೆಟ್ಟಗೆ ಕೆಳಗೆ ಇಳಿಯುತ್ತದೆ, ಮೋಸ ಹೋಗುವುದು ನೋಡುವವರ ಕಣ್ಣು ಮಾತ್ರ.

ಇನ್ನೊಂದು ದಾರಿಯೂ ಇದೆ. ಓರೆಯಾಗಿ ಕೊಯ್ದ ಥರ್ಮಾಕೋಲ್ ತುಂಡುಗಳನ್ನು ಎರಡು ಅಂತಸ್ತಿನ ನಡುವೆ ಅಂಟಿಸಿ ಕೇಕನ್ನೇ ನಿಜವಾಗಿ ವಾಲಿಸಿ ನಿಲ್ಲಿಸುವುದು. ಕೈ ಪಳಗಿದವರು ಮಾಡುತ್ತಾರೆ. ಮೊದಲ ಸಲಕ್ಕೆ ಅದು ಬೇಡ, ಅದರಲ್ಲೂ ನಮ್ಮ ಬಿಸಿಲಲ್ಲಿ ಬೇಡವೇ ಬೇಡ.

ಅಳತೆ ಹೇಳುತ್ತೇನೆ, ಬರೆದುಕೊಳ್ಳಿ. ಮೂರಂತಸ್ತು ಆಸೆ ಬಿಡಿ, ಎರಡು ಸಾಕು. ಕೆಳಗಿನದಕ್ಕೆ 9 ಇಂಚಿನ ಟಿನ್, ಮೇಲಿನದಕ್ಕೆ 6 ಇಂಚಿನದು. ಪದರಗಳನ್ನು ಜೋಡಿಸಿದ ಮೇಲೆ ಕೆಳಗಿನದು 5 ಇಂಚು ಎತ್ತರ ಬರಬೇಕು, ಮೇಲಿನದು ನಾಲ್ಕೂವರೆ. ಕೇಕ್ ಗಟ್ಟಿಯಾಗಿರಬೇಕು. ನೀವು ಮಾಮೂಲಿ ಕ್ರೀಮ್ ಕೇಕಿಗೆ ಮಾಡುವ ಹಗುರ ಸ್ಪಂಜು ಇಲ್ಲಿ ನಡೆಯುವುದಿಲ್ಲ, ಚಾಕು ಹಾಕಿದರೆ ಪುಡಿ ಉದುರುತ್ತದೆ, ಭಾರ ಬಿದ್ದರೆ ಕುಸಿಯುತ್ತದೆ. ಬೆಣ್ಣೆ 250 ಗ್ರಾಂ, ಸಕ್ಕರೆ 250 ಗ್ರಾಂ, ಮೊಟ್ಟೆ 5, ಮೈದಾ 300 ಗ್ರಾಂ, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಮೂರು ನಾಲ್ಕು ದೊಡ್ಡ ಚಮಚ ಹಾಲು. ಇದು ಒಂದು ಪಾಲು. 160 ಡಿಗ್ರಿಯಲ್ಲಿ ನಿಧಾನಕ್ಕೆ ಬೇಯಿಸಿ. ಮೇಲಿನ ಕೇಕಿಗೆ ಒಂದು ಪಾಲು, ಕೆಳಗಿನದಕ್ಕೆ ಎರಡೂವರೆಯಿಂದ ಮೂರು ಪಾಲು. ಒಟ್ಟು ಹತ್ತಿರ ಹತ್ತಿರ ಒಂದು ಕೆ.ಜಿ. ಬೆಣ್ಣೆ ಹಿಡಿಯುತ್ತದೆ. ರೇಟು ಮಾತಾಡುವಾಗ ಇದನ್ನು ಮರೆಯಬೇಡಿ, ಅಕ್ಕನ ಮಗಳಾದರೂ ಬೆಣ್ಣೆ ಬಿಟ್ಟಿ ಬರುವುದಿಲ್ಲ!

ಬೇಯಿಸಿದ ದಿನವೇ ಕೆತ್ತಬೇಡಿ. ಪೂರ್ತಿ ಆರಿದ ಮೇಲೆ ಪದರಗಳ ನಡುವೆ ತೆಳ್ಳಗೆ ಗನಾಶ್ (ಚಾಕೊಲೇಟಿಗೆ ಕ್ರೀಮ್ ಬೆರೆಸಿದ ಲೇಪ) ಹಚ್ಚಿ, ಜೋಡಿಸಿ, ಪ್ಲಾಸ್ಟಿಕ್ ಹಾಳೆ ಸುತ್ತಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಒಂದು ಬಾಗಿಲಿನ ಫ್ರಿಜ್ ಆದರೆ ಮೊದಲೇ ಒಂದು ಹಲಗೆ ತೆಗೆದು ಜಾಗ ಅಳೆದುಕೊಳ್ಳಿ. ಬೋರ್ಡಿನ ಸಮೇತ ಕೇಕ್ ಹಿಡಿಸುವುದಿಲ್ಲ ಅಂತ ಬಾಗಿಲು ಮುಚ್ಚುವಾಗ ಗೊತ್ತಾದರೆ ಏನೂ ಮಾಡೋಕಾಗಲ್ಲ.

ಮರುದಿನ ಕೆತ್ತನೆ. ಮೊದಲು ಬದಿಗಳು. ವಾಲಿದ ಹಾಗೆ ಕಾಣಬೇಕು ಅಂದರೆ ಬುಡ ಚಿಕ್ಕದು, ತಲೆ ದೊಡ್ಡದು ಇರಬೇಕು. ಕೆಳಗಿನ ಕೇಕಿನ ಮೇಲೆ ಏಳೂವರೆ ಇಂಚಿನ ದುಂಡು ಕಾರ್ಡನ್ನು (ಕೇಕಿನ ಬುಡಕ್ಕೆ ಇಡುವ ರಟ್ಟು) ಸ್ವಲ್ಪ ಗನಾಶ್ ಹಚ್ಚಿ ನಡುಮಧ್ಯಕ್ಕೆ ಅಂಟಿಸಿ. ಗನಾಶ್ ಬಿಗಿಯುವ ತನಕ ಬಿಡಿ. ಆಮೇಲೆ ಗರಗಸದ ಹಲ್ಲಿನ ಬ್ರೆಡ್ ಚಾಕುವಿನಿಂದ ಕಾರ್ಡಿನ ಅಂಚಿನಿಂದ ಶುರು ಮಾಡಿ ಹೊರಗೆ ಇಳಿಜಾರಾಗಿ, ತಳಕ್ಕೆ ಬರುವಷ್ಟರಲ್ಲಿ 9 ಇಂಚೇ ಉಳಿಯುವ ಹಾಗೆ ಸುತ್ತಲೂ ಸವರಿ. ಒಂದೇ ಏಟಿಗೆ ಕೊಯ್ಯಬೇಡಿ, ತೆಳುವಾಗಿ ತೆಗೆಯುತ್ತಾ ಹೋಗಿ. ಆದ ಮೇಲೆ ಇನ್ನೊಂದು ಬೋರ್ಡನ್ನು ಮೇಲೆ ಒತ್ತಿ ಹಿಡಿದು ತಿರುವಿ ಹಾಕಿ. ಕಾರ್ಡ್ ಅಂಟಿಸಿದ ಕಡೆ ಈಗ ಬುಡ. ಮೇಲಿನ ಕೇಕಿಗೂ ಹೀಗೇ, ಕಾರ್ಡ್ ಮಾತ್ರ 5 ಇಂಚಿನದು.

ಈಗ ಓರೆ. ಇಲ್ಲೊಂದು ಚೆಂದದ ಉಪಾಯ ಇದೆ. ಒಂದು ಬದಿಯಲ್ಲಿ ಮೇಲಿನ ಅಂಚನ್ನು ಹಾಗೇ ಬಿಡಿ. ಅದರ ಎದುರು ಬದಿಯಲ್ಲಿ ಅಂಚಿನಿಂದ 1 ಇಂಚು ಕೆಳಗೆ ಟೂತ್‌ಪಿಕ್ ಚುಚ್ಚಿ. ಆ ಟೂತ್‌ಪಿಕ್‌ನಿಂದ ಎದುರಿನ ಅಂಚಿಗೆ ಓರೆಯಾಗಿ ಕೊಯ್ಯಿರಿ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಕಾಗದದಷ್ಟು ತೆಳ್ಳಗಿನ ಒಂದು ಹೋಳು ಬಿಡುತ್ತದೆ. ಅದನ್ನು ಬಿಸಾಡಬೇಡಿ. ಅರ್ಧ ಸುತ್ತು ತಿರುಗಿಸಿ, ದಪ್ಪನೆಯ ಕಡೆ ಎತ್ತರದ ಬದಿಗೆ ಬರುವ ಹಾಗೆ ಅಲ್ಲೇ ಗನಾಶ್ ಹಚ್ಚಿ ಕೂರಿಸಿ. ನೋಡಿ, ಕೊಯ್ದದ್ದು 1 ಇಂಚು, ಸಿಕ್ಕಿದ ಓರೆ 2 ಇಂಚು. ಒಂದು ಬದಿ 6 ಇಂಚು, ಇನ್ನೊಂದು 4. ಕೇಕೂ ದಂಡ ಆಗಲಿಲ್ಲ. ಮೇಲಿನ ಕೇಕಿಗೆ ಮುಕ್ಕಾಲು ಇಂಚು ಕೊಯ್ದರೆ ಸಾಕು.

ಇನ್ನು ಗುಂಡಿ. ಇಲ್ಲಿ ಅವಸರ ಮಾಡಿದರೆ ಉಳಿದದ್ದೆಲ್ಲ ವ್ಯರ್ಥ. ಐದೂಕಾಲು ಇಂಚಿನ ದುಂಡು ಕಾಗದವನ್ನು ಓರೆಯ ನಡುವಿಗೆ ಇಟ್ಟು ಸುತ್ತ ಟೂತ್‌ಪಿಕ್‌ನಿಂದ ಚುಕ್ಕಿ ಹಾಕಿ. ಚುಕ್ಕಿಗಳ ಗುಂಟ ಚಿಕ್ಕ ಚಾಕುವನ್ನು ನೆಟ್ಟಗೆ ಇಳಿಸಿ. ಚಾಕು ಓರೆಗೆ ಅಡ್ಡವಾಗಿ ವಾಲಬಾರದು, ಮೇಜಿಗೆ ನೆಟ್ಟಗಿರಬೇಕು. ತಗ್ಗಿನ ಬದಿಯಲ್ಲಿ ಗುಂಡಿ ಕಾಲು ಇಂಚು ಆಳ ಇದ್ದರೆ ಸಾಕು, ಎತ್ತರದ ಬದಿಗೆ ಬರುವಷ್ಟರಲ್ಲಿ ಅದು ಒಂದೂವರೆ ಇಂಚಿನ ಹತ್ತಿರ ಆಗಿರುತ್ತದೆ. ಒಳಗಿನ ಕೇಕನ್ನು ಚಮಚದಿಂದ ಸ್ವಲ್ಪ ಸ್ವಲ್ಪವೇ ಕೆರೆದು ತೆಗೆಯಿರಿ. ತಳ ಮಟ್ಟ ಆಯ್ತಾ ಅಂತ ನೋಡೋಕೆ ಗಾರೆ ಕೆಲಸದವರ ರಸಮಟ್ಟವೇ ಬೇಕಿಲ್ಲ. ಗುಂಡಿಯೊಳಗೆ 5 ಇಂಚಿನ ಕಾರ್ಡ್ ಇಟ್ಟು ಅದರ ಮೇಲೆ ಒಂದು ಗೋಲಿ ಬಿಡಿ. ಉರುಳಿತು ಅಂದರೆ ಉರುಳಿದ ಕಡೆ ತಗ್ಗು, ಎದುರು ಬದಿ ಇನ್ನೂ ಕೆರೆಯಬೇಕು. ಗೋಲಿ ನಿಂತರೆ ನಿಮ್ಮ ಕೇಕೂ ನಿಂತ ಹಾಗೇ. ಫೋನಿನಲ್ಲಿ ಮಟ್ಟ ನೋಡುವ ಆ್ಯಪ್ ಇರುತ್ತದೆ, ಅದೂ ಆಗುತ್ತದೆ, ಆದರೆ ನನಗೆ ಗೋಲಿ ಮೇಲೇ ನಂಬಿಕೆ ಜಾಸ್ತಿ.

ಈಗ ನೀವು ಕೇಳಿದ ಕಡ್ಡಿ. ಗುಂಡಿಯ ತಳದಲ್ಲಿ, ಅಂಚಿನಿಂದ ಅರ್ಧ ಇಂಚು ಒಳಗೆ, ಸುತ್ತಲೂ ಐದು. ಕೇಕಿಗೆ ಅಂತಲೇ ಬರುವ ಮರದ ಡೋವೆಲ್ (ದಪ್ಪನೆಯ ದುಂಡು ಕಡ್ಡಿ) ಅಥವಾ ದಪ್ಪ ಬೋಬಾ ಸ್ಟ್ರಾ ತಗೊಳ್ಳಿ. ಕಬಾಬಿನ ಬಿದಿರು ಕಡ್ಡಿ ತೀರಾ ಸಣ್ಣ, ಭಾರ ತಡೆಯುವ ಬದಲು ಕಾರ್ಡನ್ನೇ ತೂತು ಮಾಡುತ್ತದೆ. ಒಂದು ಕಡ್ಡಿಯನ್ನು ಬುಡದ ಕಾರ್ಡಿನ ತನಕ ಇಳಿಸಿ, ಗುಂಡಿಯ ತಳದ ಮಟ್ಟಕ್ಕೆ ಗುರುತು ಮಾಡಿ, ಹೊರಗೆ ತೆಗೆದು, ಉಳಿದ ನಾಲ್ಕನ್ನೂ ಅದೇ ಉದ್ದಕ್ಕೆ ಕತ್ತರಿಸಿ. ತಳ ಮಟ್ಟ ಇರುವುದರಿಂದ ಐದೂ ಒಂದೇ ಉದ್ದ. ಒಂದೊಂದು ಒಂದೊಂದು ಉದ್ದ ಬರುತ್ತಿದೆ ಅಂದರೆ ಗುಂಡಿ ಸರಿ ಆಗಿಲ್ಲ ಅಂತಲೇ ಅರ್ಥ, ವಾಪಸ್ ಗೋಲಿ ತಗೊಳ್ಳಿ. ಕೊನೆಗೆ ಎರಡೂ ಕೇಕ್ ಕೂರಿಸಿದ ಮೇಲೆ ಮೇಲಿಂದ ನಡುಮಧ್ಯಕ್ಕೆ ಒಂದು ಉದ್ದನೆಯ ಡೋವೆಲ್, ಸುಮಾರು 8 ಇಂಚಿನದು. ತುದಿಯನ್ನು ಹೊಸ ಪೆನ್ಸಿಲ್ ಮೆಂಡರಿನಲ್ಲಿ ಚೂಪು ಮಾಡಿ, ಕಾರ್ಡುಗಳ ನಡುಮಧ್ಯದಲ್ಲಿ ಮೊದಲೇ ತೂತು ಮಾಡಿಟ್ಟು, ಕೆಳಗಿನ ಬೋರ್ಡಿಗೆ ಕಚ್ಚುವ ತನಕ ಮೆಲ್ಲಗೆ ಬಡಿಯಿರಿ. ಮೇಲೆ ಕಾಣುವ ತೂತಿನ ಮೇಲೆ ‘5’ ಅಂತ ಅಂಕಿ ನಿಲ್ಲಿಸಿದರೆ ಯಾರಿಗೆ ಗೊತ್ತಾಗುತ್ತದೆ!

ಇಡುವಾಗ ಮೇಲಿನ ಕೇಕಿನ ಓರೆ ಕೆಳಗಿನದರ ಎದುರು ದಿಕ್ಕಿಗೆ ಇರಲಿ. ಎರಡೂ ಒಂದೇ ಕಡೆ ವಾಲಿದರೆ ಮಜಾ ಬರಲ್ಲ, ಮಾಡಿದವರೇ ತಪ್ಪಿದ್ದಾರೆ ಅನ್ನಿಸುತ್ತದೆ.

ಪ್ರಶ್ನೆ: ನಮ್ಮಲ್ಲಿ ಏಪ್ರಿಲ್, ಮೇ ಅಂದರೆ ನಿಮಗೆ ಗೊತ್ತೇ ಇದೆ. ಹಿಂದಿನ ಸಲ ನೇರವಾದ ಎರಡಂತಸ್ತಿನ ಕೇಕಿಗೆ ಬಟರ್‌ಕ್ರೀಮ್ ಹಾಕಿದ್ದೆ. ಬೆಳಿಗ್ಗೆ ಚೆನ್ನಾಗಿತ್ತು, ಮಧ್ಯಾಹ್ನಕ್ಕೆ ಬದಿ ಉಬ್ಬಿ ಹೊಟ್ಟೆ ಬಂದಿತ್ತು. ಸೊಟ್ಟ ಕೇಕಿಗೆ ವಿಪ್ಪಿಂಗ್ ಕ್ರೀಮ್ ಹಾಕಿ ಮೇಲೆ ಫಾಂಡೆಂಟ್ ಹೊದಿಸಬಹುದಾ?
— ಓದುಗಿ, ರಾಯಚೂರು

ಉತ್ತರ: ಬೇಡಮ್ಮ. ವಿಪ್ಪಿಂಗ್ ಕ್ರೀಮಿನಲ್ಲಿ ನೀರಿನ ಅಂಶ ಜಾಸ್ತಿ, ಫಾಂಡೆಂಟ್ ಅಂದರೆ ಹಾಳೆಯ ಹಾಗೆ ಲಟ್ಟಿಸಿ ಹೊದಿಸುವ ಸಕ್ಕರೆ ಕಣಕ. ಸಕ್ಕರೆ ಆ ನೀರನ್ನು ಎಳೆದುಕೊಂಡು ಕರಗಿ ಜಾರುತ್ತದೆ. ಇನ್ನು ಬೆಣ್ಣೆ ಕರಗುವುದು 32ರಿಂದ 35 ಡಿಗ್ರಿಗೆ. ರಾಯಚೂರಿನ ಬೇಸಿಗೆ 40 ದಾಟುತ್ತದೆ. ಫ್ಯಾನ್ ಹಾಕಿದರೆ ನಿಮಗೆ ತಂಪು ಅನ್ನಿಸಬಹುದು, ಕೇಕಿಗೆ ಬೆವರು ಇಲ್ಲ, ಅದಕ್ಕೆ ಕೋಣೆಯ ಬಿಸಿಯೇ ಬಿಸಿ.

ನಮ್ಮ ಕಡೆಗೆ ಗನಾಶ್ ಒಂದೇ ಗತಿ. ಡಾರ್ಕ್ ಚಾಕೊಲೇಟ್ ಆದರೆ ಚಳಿಗಾಲದಲ್ಲಿ ಎರಡು ಪಾಲು ಚಾಕೊಲೇಟಿಗೆ ಒಂದು ಪಾಲು ಕ್ರೀಮ್. ಬೇಸಿಗೆಯಲ್ಲಿ ಎರಡೂವರೆ, ಮೂರು ಪಾಲಿನ ತನಕ ಹೋಗಿ. ವೈಟ್ ಚಾಕೊಲೇಟ್ ಮೊದಲೇ ಮೆತ್ತಗೆ, ಅದಕ್ಕೆ ಮೂರಕ್ಕಿಂತ ಕಡಿಮೆ ಬೇಡ, ನಾಲ್ಕಾದರೂ ಸರಿ. ಕಾಂಪೌಂಡ್ ಚಾಕೊಲೇಟನ್ನು ಕಂಡರೆ ಮೂಗು ಮುರಿಯುವವರಿದ್ದಾರೆ, ರುಚಿಯ ಮಟ್ಟಿಗೆ ಅವರ ಮಾತು ಸರಿಯೇ. ಆದರೆ ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಗಟ್ಟಿ ಕೊಬ್ಬು ಇರುತ್ತದೆ, ಬಿಸಿಲಿಗೆ ಸ್ವಲ್ಪ ಜಾಸ್ತಿ ತಾಳುತ್ತದೆ. ಹೊರಗಿನ ಪದರಕ್ಕೆ ಅರ್ಧ ಅದು, ಅರ್ಧ ಒಳ್ಳೆಯ ಚಾಕೊಲೇಟ್ ಬೆರೆಸಿದರೆ ನಾನಂತೂ ತಪ್ಪು ಅನ್ನುವುದಿಲ್ಲ.

ಹೊಟ್ಟೆ ಬರುವುದಕ್ಕೆ ಬಿಸಿಲೊಂದೇ ಕಾರಣ ಅಲ್ಲ. ಒಳಗೆ ಹಾಕಿದ ಕ್ರೀಮ್ ಮೆತ್ತಗಿದ್ದರೆ ಮೇಲಿನ ಭಾರಕ್ಕೆ ಅದು ಬದಿಗೆ ನುಗ್ಗುತ್ತದೆ. ಪ್ರತಿ ಪದರದ ಅಂಚಿಗೆ ಗಟ್ಟಿ ಗನಾಶಿನ ಒಂದು ಕಟ್ಟೆ ಕಟ್ಟಿ, ಅದರೊಳಗೆ ತೆಳ್ಳಗೆ ಹಚ್ಚಿ. ಜೋಡಿಸಿದ ಮೇಲೆ ಬಟರ್ ಪೇಪರ್ ಹಾಕಿ, ಒಂದು ತಟ್ಟೆ ಇಟ್ಟು, ಮೇಲೆ ಅಕ್ಕಿ ತುಂಬಿದ ಡಬ್ಬಿ ಹೇರಿ ಎರಡು ಮೂರು ಗಂಟೆ ಬಿಡಿ. ಕೂರುವುದೆಲ್ಲ ಆಗಲೇ ಕೂತುಬಿಡುತ್ತದೆ, ಉಬ್ಬಿದ್ದನ್ನು ಸವರಿ ಆಮೇಲೆ ಹೊರಗಿನ ಗನಾಶ್ ಹಚ್ಚಿ. ಸೊಟ್ಟ ಕೇಕಿಗಾದರೆ ಇದು ಕೆತ್ತುವ ಮೊದಲೇ ಆಗಬೇಕು.

ಫಾಂಡೆಂಟ್ ಬೇಕೇ ಬೇಕು ಅಂದರೆ ಒಂದು ಕಷ್ಟ ಇದೆ. ಬುಡ ಚಿಕ್ಕದಾದ ಕೇಕಿನ ಮೇಲೆ ಇಡೀ ಹಾಳೆ ಹೊದಿಸಿದರೆ ಕೆಳಗೆ ಲಂಗದ ನೆರಿಗೆ ಬೀಳುತ್ತದೆ. ಹಾಗಾಗಿ ಬದಿಗೆ ಬೇರೆ, ತಲೆಗೆ ಬೇರೆ ಹಾಳೆ ಹಾಕಿ. ಕೇಕಿನ ಬದಿಗೆ ಬಟರ್ ಪೇಪರ್ ಸುತ್ತಿ ಅಳತೆ ಕತ್ತರಿಸಿಕೊಳ್ಳಿ. ಬಿಚ್ಚಿ ನೋಡಿದರೆ ಅದು ನೇರ ಪಟ್ಟಿ ಆಗಿರುವುದಿಲ್ಲ, ಬಾಗಿದ ಪಟ್ಟಿ ಆಗಿರುತ್ತದೆ, ಗಾಬರಿ ಬೇಡ, ಅದೇ ಸರಿ. ಅದರ ಮೇಲೆ ಫಾಂಡೆಂಟ್ ಕತ್ತರಿಸಿ ಅಂಟಿಸಿ. ಜೋಡಿಸಿದ ಗೆರೆ ಕಾಣುವ ಕಡೆ ದಪ್ಪ ದಪ್ಪ ಚುಕ್ಕಿ, ಪಟ್ಟೆ, ಮಣಿ ಸಾಲು ಹಾಕಿದರಾಯ್ತು. ನಮ್ಮ ಒಣ ಗಾಳಿಗೆ ಫಾಂಡೆಂಟ್ ಬೇಗ ಒಣಗಿ ಸುಕ್ಕಾಗುತ್ತದೆ, ಲಟ್ಟಿಸುವಾಗ ಫ್ಯಾನ್ ಆಫ್ ಮಾಡಿ, ಕೈಗೆ ಸ್ವಲ್ಪ ಡಾಲ್ಡಾ ಸವರಿಕೊಳ್ಳಿ. ಫ್ರಿಜ್ಜಿನಿಂದ ತೆಗೆದ ಕೇಕನ್ನು ಮುಚ್ಚಿದ ರಟ್ಟಿನ ಡಬ್ಬಿಯಲ್ಲೇ ಬಿಟ್ಟು ಕೋಣೆಯ ಬಿಸಿಗೆ ಬಂದ ಮೇಲೆ ತೆರೆಯಿರಿ. ಆಗ ತೇವ ಡಬ್ಬಿಯ ಮೇಲೆ ಕೂರುತ್ತದೆ, ಫಾಂಡೆಂಟಿನ ಮೇಲೆ ಅಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲಿ ಮೊಟ್ಟೆ ನಡೆಯುವುದಿಲ್ಲ. ಎಗ್‌ಲೆಸ್ ಕೇಕಿನಲ್ಲಿ ಇಂಥದ್ದು ಆಗುತ್ತದೆಯೇ? ಮತ್ತೆ ಎಲ್ಲರೂ ಮಾಡುವ ಗುಲಾಬಿ, ನೇರಳೆ ಬಣ್ಣ ಬಿಟ್ಟು ನಮ್ಮ ಊರ ಕಡೆಯದು ಅನ್ನಿಸುವ ಅಲಂಕಾರ ಏನಾದರೂ ಹೇಳಿ.
— ಓದುಗಿ, ಕೊಪ್ಪಳ

ಉತ್ತರ: ಕಂಡೆನ್ಸ್‌ಡ್ ಮಿಲ್ಕ್ ಹಾಕಿದ ಎಗ್‌ಲೆಸ್ ಕೇಕ್ ತಿನ್ನೋಕೆ ಚೆನ್ನ, ಕೆತ್ತೋಕೆ ಮೆತ್ತಗೆ. ಒಂದು ರಾತ್ರಿ ಫ್ರೀಜರಿನಲ್ಲಿಟ್ಟು ಅರ್ಧ ಗಟ್ಟಿ ಇರುವಾಗಲೇ ಕೆತ್ತಿದರೆ ಮೇಲಿನ ಅಂತಸ್ತಿಗೆ ನಡೆಯುತ್ತದೆ. ಕೆಳಗಿನದಕ್ಕೆ ನಾನಾಗಿದ್ದರೆ ಥರ್ಮಾಕೋಲ್ ಡಮ್ಮಿ ಇಡುತ್ತಿದ್ದೆ. ಅದಕ್ಕೂ ಗನಾಶ್ ಹಚ್ಚಿ ಅಲಂಕಾರ ಮಾಡಿ, ಮಗು ಮೇಲಿನದನ್ನು ಕತ್ತರಿಸಲಿ, ಬಂದವರಿಗೆ ಹಂಚೋಕೆ ಒಳಗೆ ದೊಡ್ಡ ಟ್ರೇಯಲ್ಲಿ ಅದೇ ಕೇಕ್ ಬೇರೆ ಮಾಡಿಡಿ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ, ದೊಡ್ಡ ದೊಡ್ಡ ಮದುವೆ ಕೇಕುಗಳಲ್ಲೂ ಹೀಗೇ ಮಾಡುತ್ತಾರೆ. ಕೇಕ್ ಯಾರಿಗೆ ಕೊಡುತ್ತೀರೋ ಅವರಿಗೆ ಮಾತ್ರ ಮೊದಲೇ ಹೇಳಿಬಿಡಿ.

ಅಲಂಕಾರಕ್ಕೆ ನೀವು ದೂರ ಹೋಗಬೇಕಿಲ್ಲ. ಕಿನ್ನಾಳ ಪಕ್ಕದಲ್ಲೇ ಇದೆಯಲ್ಲ. ಆ ಮರದ ಗೊಂಬೆಗಳ ಕೆಂಪು, ಹಳದಿ, ಹಸಿರು ಎಷ್ಟು ಕಣ್ಣಿಗೆ ಹೊಡೆಯುತ್ತವೆ! ಸೊಟ್ಟ ಕೇಕಿಗೆ ಬೇಕಾದದ್ದು ಅಂಥದ್ದೇ ಬಣ್ಣ, ನಾಚಿಕೊಂಡ ಬಣ್ಣ ಇದಕ್ಕೆ ಒಪ್ಪುವುದಿಲ್ಲ. ಬದಿಗೆ ಹಳದಿ, ಅಂಚಿಗೆ ಕೆಂಪು ಪಟ್ಟೆ, ಮೇಲೆ ಫಾಂಡೆಂಟಿನಲ್ಲಿ ಮಾಡಿದ ಒಂದು ಗಿಳಿ. ಗಿಳಿಯನ್ನು ಎರಡು ಮೂರು ದಿನ ಮೊದಲೇ ಮಾಡಿ ನೆರಳಲ್ಲಿ ಒಣಗಿಸಿ, ಫ್ರಿಜ್ಜಿಗೆ ಇಡಬೇಡಿ.

ಇನ್ನೊಂದು ಐಡಿಯಾ, ಫಾಂಡೆಂಟ್ ಬೇಡ ಅನ್ನುವವರಿಗೆ. ಆನೆಗುಂದಿ ಕಡೆ ಹೋದರೆ ಬಂಡೆ ಮೇಲೆ ಬಂಡೆ, ಯಾವುದೂ ನೆಟ್ಟಗಿಲ್ಲ, ಆದರೂ ನಿಂತಿವೆ. ಅದನ್ನೇ ಮಾಡಿ! ವೈಟ್ ಗನಾಶಿಗೆ ಸ್ವಲ್ಪ ಕೋಕೋ, ಒಂದು ತೊಟ್ಟು ಕಪ್ಪು ಜೆಲ್ ಬಣ್ಣ ಅರೆಬರೆ ಬೆರೆಸಿ, ಪ್ಯಾಲೆಟ್ ನೈಫಿನಿಂದ (ಕ್ರೀಮ್ ಸವರುವ ಚಪ್ಪಟೆ ಚಾಕು) ಒರಟೊರಟಾಗಿ ಹಚ್ಚಿ. ನುಣುಪು ಮಾಡುವ ತಲೆನೋವೇ ಇಲ್ಲ. ಕೆತ್ತುವಾಗ ಬದಿ ಅಂಕುಡೊಂಕಾದರೂ ಅದು ಬಂಡೆಯದೇ ಲಕ್ಷಣ. ಬುಡದಲ್ಲಿ ಹಸಿರು ಬಣ್ಣದ ಕೊಬ್ಬರಿ ತುರಿ ಉದುರಿಸಿದರೆ ಭತ್ತದ ಗದ್ದೆ. ಮೊದಲ ಸಲ ಮಾಡುವವರಿಗೆ ಇದಕ್ಕಿಂತ ಸುಲಭದ್ದು ನನಗೆ ಕಾಣುವುದಿಲ್ಲ. ಒಳಗಿನ ಗುಂಡಿ, ಕಡ್ಡಿ ಮಾತ್ರ ಅದೇ, ಅದರಲ್ಲಿ ರಿಯಾಯಿತಿ ಇಲ್ಲ.

ಪ್ರಶ್ನೆ: ಸಿಂಧನೂರಿನಿಂದ ರಾಯಚೂರಿಗೆ ಕಾರಿನಲ್ಲಿ ಒಯ್ಯಬೇಕು. ಮನೆಯಲ್ಲೇ ಪೂರ್ತಿ ಜೋಡಿಸಲೋ, ಅಲ್ಲಿ ಹೋಗಿ ಜೋಡಿಸಲೋ? ನಮ್ಮ ಯಜಮಾನರು ತೊಡೆಯ ಮೇಲೆ ಇಟ್ಟುಕೊಂಡು ಬರುತ್ತೇನೆ ಅನ್ನುತ್ತಾರೆ.
— ಓದುಗಿ, ಸಿಂಧನೂರು

ಉತ್ತರ: ಯಜಮಾನರ ಪ್ರೀತಿ ದೊಡ್ಡದು, ಆದರೆ ತೊಡೆ ಮಟ್ಟ ಇರುವುದಿಲ್ಲ, ಬಿಸಿ ಬೇರೆ. ಎರಡಂತಸ್ತಿನ ಗಟ್ಟಿ ಕೇಕ್ ನಾಲ್ಕು ಕೆ.ಜಿ. ದಾಟುತ್ತದೆ, ಒಂದು ಸ್ಪೀಡ್ ಬ್ರೇಕರಿಗೆ ಕೈ ಸೋತರೆ ಮುಗೀತು. ಬೇರೆ ಬೇರೆ ಡಬ್ಬಿಯಲ್ಲಿ ಒಯ್ದು ಅಲ್ಲೇ ಜೋಡಿಸಿ. ಕೆಳಗಿನ ಕೇಕಿನಲ್ಲಿ ಗುಂಡಿ, ಐದು ಕಡ್ಡಿ ಎಲ್ಲ ಮನೆಯಲ್ಲೇ ಸಿದ್ಧ ಆಗಿರಲಿ, ಅಲ್ಲಿ ಹೋಗಿ ಕೆತ್ತನೆ ಬೇಡ. ಡಿಕ್ಕಿಯಲ್ಲಿ ಜಾರದ ಮ್ಯಾಟ್ ಹಾಸಿ, ಅದು ಓರೆ ಇದ್ದರೆ ಟವೆಲ್ ಮಡಚಿ ಮಟ್ಟ ಮಾಡಿ. ಆದರೆ ಎಷ್ಟೋ ಕಾರುಗಳಲ್ಲಿ ಡಿಕ್ಕಿಗೆ ಎಸಿ ಗಾಳಿ ಬರುವುದಿಲ್ಲ, ಅಂಥದ್ದಾದರೆ ಮುಂದಿನ ಸೀಟಿನ ಕೆಳಗೆ, ಕಾಲಿಡುವ ಜಾಗದಲ್ಲಿ ಇಡಿ. ಯಜಮಾನರನ್ನು ಹಿಂದಿನ ಸೀಟಿಗೆ ಕಳಿಸಿ. ಹೊರಡುವ ಹೊತ್ತು ಬೆಳಿಗ್ಗೆ ಇರಲಿ, ಮಧ್ಯಾಹ್ನದ ಬಿಸಿಲಲ್ಲಿ ಬೇಡ.

ಜೊತೆಗೊಂದು ಚೀಲ ಇಟ್ಟುಕೊಳ್ಳಿ: ಉಳಿದ ಗನಾಶ್, ಪ್ಯಾಲೆಟ್ ನೈಫ್, ನಡುವಿನ ಡೋವೆಲ್, ಚಿಕ್ಕ ಸುತ್ತಿಗೆ, ಒದ್ದೆ ಬಟ್ಟೆ. ಬೋರ್ಡಿಗೆ ಅಂಗಡಿಯ ತೆಳ್ಳನೆ ರಟ್ಟು ಸಾಲದು. ಬಡಗಿ ಹತ್ತಿರ 14 ಇಂಚಿನ ದುಂಡು ಪ್ಲೈವುಡ್ ಕೊಯ್ಸಿ, 12 ಮಿ.ಮೀ. ದಪ್ಪದ್ದು, ಮೇಲೆ ಫಾಯಿಲ್ ಸುತ್ತಿ. ಒಮ್ಮೆ ಮಾಡಿಸಿದರೆ ವರ್ಷಗಟ್ಟಲೆ ಬರುತ್ತದೆ, ಪಾರ್ಟಿಯವರಿಂದ ವಾಪಸ್ ಇಸಿದುಕೊಳ್ಳಲು ಮಾತ್ರ ಗಟ್ಟಿ ಬಾಯಿ ಬೇಕು. ಪಾರ್ಟಿ ಹಾಲ್‌ನಲ್ಲಿ ಮೇಜು ಅಲುಗಾಡುತ್ತದಾ ಅಂತ ಮೊದಲು ನೋಡಿ. ಕೇಕ್ ಮೇಲೆ ಸೀದಾ ಫ್ಲಡ್‌ಲೈಟ್ ಬಿಡುವ ಫೋಟೋದವರಿಗೂ ಒಂದು ಮಾತು ಹೇಳಿಡಿ.

ಪ್ರಶ್ನೆ: ಇಂಥ ಕೇಕನ್ನು ಕತ್ತರಿಸುವುದು ಹೇಗೆ?
— ಓದುಗ, ಗಂಗಾವತಿ

ಉತ್ತರ: ಕೇಳಿದ್ದು ಒಳ್ಳೆಯದಾಯ್ತು, ಯಾರೂ ಕೇಳುವುದಿಲ್ಲ. ಮಗು ಮೇಲಿನದಕ್ಕೆ ಚಾಕು ಹಾಕಿ ಫೋಟೋ ಎಲ್ಲ ಮುಗಿದ ಮೇಲೆ ಕೇಕನ್ನು ಒಳಗೆ ತಗೊಂಡು ಹೋಗಿ. ಮೊದಲು ನಡುವಿನ ಉದ್ದನೆಯ ಡೋವೆಲ್ ತಿರುವುತ್ತಾ ಮೇಲಕ್ಕೆ ಎಳೆಯಿರಿ. ಆಮೇಲೆ ಮೇಲಿನ ಕೇಕಿನ ಕಾರ್ಡಿನ ಕೆಳಗೆ ಪ್ಯಾಲೆಟ್ ನೈಫ್ ತೂರಿಸಿ ಎತ್ತಿ, ತಟ್ಟೆಯಲ್ಲಿಡಿ. ಕೆಳಗಿನದರ ಐದು ಕಡ್ಡಿ ಕಿತ್ತು, ಎಣಿಸಿ, ಆಮೇಲೆ ಹೋಳು ಮಾಡಿ. ನಾಲ್ಕೇ ಸಿಕ್ಕಿದರೆ ಮಕ್ಕಳಿಗೆ ಇನ್ನೂ ಕೊಡಬೇಡಿ, ಐದನೆಯದು ಸಿಗುವ ತನಕ ಹುಡುಕಿ.